ಬೆಸುಗೆ ಹಾಕಿದ ಬಾಗಿಲು

ಕದಿಯಲು ಬಂದವನು ಹಗಲು ಹನ್ನೊಂದು ಗಂಟೆಗೆ, ಇನ್ನೂರು ಮಕ್ಕಳು ಒಳಗಿರುವಾಗ ಯಾಕೆ ಬರುತ್ತಾನೆ? ಬಂದ ಅಂತಲೇ ಇಟ್ಟುಕೊಳ್ಳೋಣ. ಪಕ್ಕದಲ್ಲೇ ಉಗ್ರಾಣದ ಕಿಟಕಿಯ ಎರಡು ಸರಳು ಕಿತ್ತುಹೋಗಿ ವರ್ಷವಾಯಿತು. ಅಲ್ಲಿ ನುಗ್ಗುವುದು ಬಿಟ್ಟು ಈ ಕಬ್ಬಿಣದ ಬಾಗಿಲಿಗೆ ಹಾರೆ ಹಾಕಿ ಬೆವರು ಸುರಿಸುತ್ತಾನೆಯೇ?

ವೆಲ್ಡಿಂಗ್ ಅಂಗಡಿಯವನು ಶಾಲೆಯ ಹಿಂದಿನ ಓಣಿಯಲ್ಲಿ ನಿಂತು ಇದನ್ನೇ ಯೋಚಿಸುತ್ತಿದ್ದ. ಅವನ ಜೇಬಿನಲ್ಲಿ ಒಂದು ಅರ್ಜಿ ಇತ್ತು. ‘ಶಾಲೆಯ ಹಿಂದಿನ ಶೆಡ್ಡುಗಳಲ್ಲಿರುವ ಹೊರಗಿನವರು ಹೊಗೆ ಎದ್ದ ಗಲಾಟೆಯಲ್ಲಿ ಶಾಲೆಯ ಬಾಗಿಲು ಮುರಿಯಲು ನೋಡಿದ್ದಾರೆ. ಅವರನ್ನು ಕೂಡಲೇ ಅಲ್ಲಿಂದ ತೆರವು ಮಾಡಿಸಬೇಕು.’ ಕೆಳಗೆ ಐವತ್ತಾರು ಸಹಿ. ಐವತ್ತೇಳನೆಯದು ಅವನದಾಗಬೇಕಿತ್ತು.

ಸೋಮವಾರ ನಡೆದದ್ದು ಇಷ್ಟು. ಶಾಲೆ ಎಂದರೆ ಒಂದು ಉದ್ದನೆಯ ಕಾರಿಡಾರು, ಎರಡೂ ಬದಿಗೆ ತರಗತಿಗಳು. ಮುಂದಿನ ತುದಿಯಲ್ಲಿ ದೊಡ್ಡ ಬಾಗಿಲು, ಹಿಂದಿನ ತುದಿಯಲ್ಲಿ ಓಣಿಗೆ ತೆರೆಯುವ ಕಬ್ಬಿಣದ ಬಾಗಿಲು. ಮುಂದಿನ ಬಾಗಿಲ ಪಕ್ಕದಲ್ಲೇ ಇಟ್ಟಿದ್ದ ಇನ್ವರ್ಟರಿನ ಹಳೆಯ ಬ್ಯಾಟರಿ ಸುಟ್ಟು, ಕಪ್ಪು ಹೊಗೆ ಆ ಕಡೆಯನ್ನೆಲ್ಲ ತುಂಬಿತು. ಮಕ್ಕಳು ಹಿಂದಕ್ಕೆ ಓಡಿದರು. ಹಿಂದಿನ ಬಾಗಿಲು ತೆರೆಯಲಿಲ್ಲ. ಕೊನೆಗೆ ಟೀಚರುಗಳು ಮಕ್ಕಳ ಮೂಗಿಗೆ ಬಟ್ಟೆ ಹಿಡಿದು, ಹೊಗೆಯ ನಡುವೆಯೇ ಮುಂದಿನಿಂದ ಹೊರಗೆ ತಂದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ನೂಕುನುಗ್ಗಲಲ್ಲಿ ಬಿದ್ದ ಒಂದು ಮಗುವಿನ ಕೈ ಮುರಿಯಿತು.

ಅದೇ ಹೊತ್ತಿನಲ್ಲಿ ಓಣಿಯಲ್ಲಿ ಹೋಗುತ್ತಿದ್ದ ಯಾರೋ ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದಿದ್ದರು. ಶೆಡ್ಡಿನ ಮೂವರು ಗಂಡಸರು ಹಿಂದಿನ ಬಾಗಿಲಿಗೆ ಹಾರೆ ಹಾಕಿ ಮೀಟುತ್ತಿದ್ದರು. ವಿಡಿಯೋ ಅರ್ಧ ನಿಮಿಷದ್ದು. ಸಂಜೆಯೊಳಗೆ ಅದು ಎಲ್ಲರ ಮನೆ ಸೇರಿತು.

ವೆಲ್ಡಿಂಗ್‌ನವನು ಬಗ್ಗಿ ಬೆಸುಗೆಯ ಮೇಲೆ ಬೆರಳಾಡಿಸಿದ. ಆ ಬೆಸುಗೆ ಅವನದೇ. ಎಂಟು ತಿಂಗಳ ಹಿಂದೆ, ಶೆಡ್ಡಿನವರು ಬಂದ ಹೊಸದರಲ್ಲಿ ಬಾಗಿಲು ಮುಚ್ಚಿಸಿ ಎಂದು ಪೋಷಕರು ಒತ್ತಾಯಿಸಿದ್ದಕ್ಕೆ, ಮೇಲಿನಿಂದ ಕೆಳಗಿನವರೆಗೆ ಒಂದು ಕೂದಲೂ ನುಸುಳದಂತೆ ಎಳೆದದ್ದು. ಅಲ್ಲಲ್ಲಿ ಚುಕ್ಕೆ ಬೆಸುಗೆ ಇಟ್ಟು ಮುಗಿಸಿದ್ದರೆ ಹಾರೆಗೆ ಬಿಟ್ಟುಕೊಳ್ಳುತ್ತಿತ್ತು. ಅವನ ಕೈಗೆ ಅರ್ಧ ಕೆಲಸ ಅಭ್ಯಾಸವಿರಲಿಲ್ಲ. ಹಾರೆಯ ಗುರುತುಗಳು ಮೊಣಕಾಲಿನ ಎತ್ತರದಲ್ಲಿ ಶುರುವಾಗಿ ಎದೆಯವರೆಗೆ ಏರಿದ್ದವು. ಪ್ರತಿ ಗೇಣಿಗೂ ಒಂದು. ಎಲ್ಲಿಯಾದರೂ ಸಡಿಲ ಇದ್ದೀತೇ ಎಂದು ಹುಡುಕಿದ ಕೈ ಅದು.

ಮನೆಗೆ ಬಂದಾಗ ಮಗಳು ಕೆಮ್ಮುತ್ತ ಚಾಪೆಯ ಮೇಲೆ ಚಿತ್ರ ಬರೆಯುತ್ತಿದ್ದಳು. ನಾಲ್ಕನೇ ತರಗತಿ, ಕೊನೆಯ ಕೋಣೆ.

"ಪುಟ್ಟೀ, ಅವತ್ತು ಹಿಂದಿನ ಬಾಗಿಲ ಹತ್ರ ಏನಾಯ್ತು?"

"ಹೊಡೆದ್ವಿ ಅಪ್ಪ. ಎಲ್ಲರೂ ಸೇರಿ ಬಾಗಿಲು ಹೊಡೆದ್ವಿ. ಹೊರಗಿನಿಂದ ಒಬ್ರು ಕೂಗಿದ್ರು, ‘ಹಿಂದೆ ಹೋಗಿ ಮಕ್ಕಳೇ, ಹಾರೆ ಹಾಕ್ತೀವಿ’ ಅಂತ."

"ಯಾರು ಕೂಗಿದ್ದು?"

"ಶೆಡ್ಡಿನ ಗಾರೆ ಕೆಲಸದ ಅಂಕಲ್. ಅವರ ಮಗಳು ನಮ್ಮ ಜೊತೇನೇ ಇದ್ಳಲ್ಲ, ಒಂದನೇ ಕ್ಲಾಸಿನವಳು. ಅವಳೇ ಅಲ್ವಾ ಆಮೇಲೆ ಬಿದ್ದು ಕೈ ಮುರ್ಕೊಂಡಿದ್ದು."

ಅವನು ಅರ್ಜಿ ತೆಗೆದು ಮತ್ತೆ ಓದಿದ. ‘ನಮ್ಮ ಮಕ್ಕಳಲ್ಲಿ ಒಂದರ ಕೈ ಮುರಿದಿದೆ’ ಎಂದಿತ್ತು. ಆ ಮಗು ಯಾರದೆಂದು ಸಹಿ ಹಾಕಿದ ಐವತ್ತಾರು ಜನರಲ್ಲಿ ಯಾರೂ ವಿಚಾರಿಸಿದಂತಿರಲಿಲ್ಲ.

"ಈಗ ಏನ್ಮಾಡ್ತೀರಿ?" ಹೆಂಡತಿ ಕೇಳಿದಳು.

"ಏನ್ಮಾಡೋದು? ಬೆಸುಗೆ ಹಾಕು ಅಂದ್ರು, ಹಾಕ್ದೆ."

"ಅದೇ ನಿಮ್ಮ ರೋಗ. ಆ ಕಪ್ಪು ಗಾಜಿನ ಮಾಸ್ಕ್ ಮುಖದ ಮೇಲೆ ಬಿತ್ತು ಅಂದ್ರೆ ಲೋಕ ಮುಳುಗಿದ್ರೂ ನಿಮಗೆ ಕೇಳ್ಸಲ್ಲ."

ಅವನು ಅರ್ಜಿ ಮಡಿಸಿ ಜೇಬಿಗಿಟ್ಟ. ಹೊರಗೆ ಹೋಗಿ ಸೈರನ್ ತಾತನ ಮನೆಯ ಕಟ್ಟೆಯ ಮೇಲೆ ಕುಳಿತ.

ಸೈರನ್ ತಾತ ಮೂವತ್ತು ವರ್ಷ ಅಗ್ನಿಶಾಮಕ ವಾಹನ ಓಡಿಸಿ ನಿವೃತ್ತನಾದವನು. ಕಿವಿ ಸ್ವಲ್ಪ ಮಂದ, ಹಾಗಾಗಿ ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದ. ಮೊಮ್ಮಗ ಅದೇ ಶಾಲೆಯಲ್ಲಿದ್ದ.

"ಅರ್ಜಿಗೆ ಸಹಿ ಹಾಕಿದ್ಯಾ?"

"ಇನ್ನೂ ಇಲ್ಲ ತಾತ. ಆದ್ರೆ ಜನಕ್ಕೆ ಭಯ ಇರೋದು ಸುಳ್ಳಲ್ವಲ್ಲ. ಶೆಡ್ಡಿನವರು ಎಲ್ಲಿಯವರೋ ಏನೋ, ಅವರ ಮಾತು ಬೇರೆ. ಮಕ್ಕಳ ವಿಷಯ ನೋಡಿ."

"ಭಯ ಇರ್ಲಿ ಕಣಪ್ಪ. ಭಯ ಇಲ್ದಿದ್ರೆ ನನ್ನ ಕೆಲಸದಲ್ಲಿ ನಾನೂ ಉಳೀತಿರ್ಲಿಲ್ಲ. ಆದ್ರೆ ಭಯ ಯಾವುದಕ್ಕೆ ಅನ್ನೋದನ್ನ ನೋಡಿ ಪಡ್ಬೇಕು. ಎಂಟು ತಿಂಗಳಲ್ಲಿ ಶೆಡ್ಡಿನವರು ಯಾವ ಮಗುಗೆ ಏನು ಮಾಡಿದ್ರು?"

"ಏನೂ ಮಾಡಿಲ್ಲ."

"ಬ್ಯಾಟರಿ ಏನು ಮಾಡ್ತು?"

"ಮಕ್ಕಳನ್ನ ಹೊಗೆಗೆ ಸಿಕ್ಕಿಸ್ತು."

"ಆ ಬ್ಯಾಟರಿ ಬಗ್ಗೆ ಒಂದು ಅರ್ಜಿ ಇದ್ಯಾ? ಇಲ್ಲ. ಬ್ಯಾಟರಿಗೆ ಊರು ಕೇರಿ ಇಲ್ವಲ್ಲ, ಅದ್ಕೆ."

"ಇದನ್ನ ಸಭೇಲಿ ನೀವೇ ಹೇಳಿ ತಾತ."

"ನಾನು ಹೇಳಿದ್ರೆ ಮುದುಕನ ಗೊಣಗಾಟ ಅಂತಾರೆ. ಬೆಸುಗೆ ಗೊತ್ತಿರೋನು ನೀನು. ನೀನು ಹೇಳು."

ಅಷ್ಟು ಸುಲಭವಾಗಿರಲಿಲ್ಲ. ಬೆಸುಗೆ ಹಾಕಿಸಿದ್ದು ವಾರ್ಡಿನ ಸದಸ್ಯರು. ವಾರ್ಡಿನ ಗ್ರಿಲ್ಲು, ಗೇಟು, ಬೆಂಚು ಯಾವುದಿದ್ದರೂ ಅವರು ವೆಲ್ಡಿಂಗ್‌ನವನಿಗೇ ಹೇಳಿ ಕಳಿಸುತ್ತಿದ್ದರು. ಬಾಯಿ ಬಿಟ್ಟರೆ ಆ ಕೆಲಸಗಳೆಲ್ಲ ಬೇರೆಯವರ ಪಾಲು. ಬಿಡದಿದ್ದರೆ ಮಗಳು ನಾಳೆಯೂ ಅದೇ ಕೊನೆಯ ಕೋಣೆಯಲ್ಲಿ ಕೂರುತ್ತಾಳೆ, ಕೈ ಮುರಿದ ಮಗುವಿನ ಅಪ್ಪ ಊರು ಬಿಡುತ್ತಾನೆ.

ಶನಿವಾರ ಪೋಷಕರ ಸಭೆ. ಕೊನೆಯ ಕೋಣೆಯಲ್ಲಿ, ಮಕ್ಕಳ ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಅರವತ್ತು ಜನ ಕುಳಿತಿದ್ದರು. ಮೇಜಿನ ಹಿಂದೆ ದೊಡ್ಡ ಟೀಚರ್ ಮತ್ತು ಸದಸ್ಯರು. ಗೋಡೆಯ ಮೇಲೆ ಎಂಟು ತಿಂಗಳ ಹಿಂದಿನ ಫೋಟೋ ತೂಗುತ್ತಿತ್ತು. ಬೆಸುಗೆ ಹಾಕಿದ ಬಾಗಿಲ ಮುಂದೆ ಸದಸ್ಯರು ನಗುತ್ತ ನಿಂತಿದ್ದರು, ಕೆಳಗೆ ‘ಸುರಕ್ಷಿತ ಶಾಲೆ’ ಎಂಬ ಬರಹ. ಗಾರೆಯವನು ಕೋಣೆಯ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ. ಬೆಂಚಿನಲ್ಲಿ ಯಾರೂ ಅವನಿಗೆ ಜಾಗ ಬಿಟ್ಟಿರಲಿಲ್ಲ.

ಅರ್ಜಿ ಬರೆದಿದ್ದ ದರ್ಜಿ ಎದ್ದು ನಿಂತ. "ಮಾತು ಬೆಳೆಸೋದು ಬೇಡ. ಅರ್ಜಿ ಸದಸ್ಯರ ಕೈಗೆ ಕೊಟ್ಬಿಡೋಣ."

"ಕೊಡೋಣ, ಕೊಡೋಣ," ಎಂದು ಕೂಗಿದ ಸೈರನ್ ತಾತ. "ಅದಕ್ಕೆ ಮುಂಚೆ ಎರಡು ನಿಮಿಷದ ಒಂದು ಆಟ. ಮುಂದಿನ ಬಾಗಿಲಲ್ಲಿ ಹೊಗೆ ತುಂಬಿದೆ ಅಂದ್ಕೊಳ್ಳಿ. ಎಲ್ಲರೂ ಹೊರಗೆ ಹೋಗಿ. ಹೂಂ, ಏಳಿ!"

ಜನ ನಗುತ್ತ ಎದ್ದರು. ಕೆಲವರ ಕಾಲು ಬೆಂಚಿನಲ್ಲಿ ಸಿಕ್ಕಿಕೊಂಡಿತು. ಕೋಣೆಯಿಂದ ಹೊರಬಿದ್ದ ಗುಂಪು ತಾನಾಗಿಯೇ ಹಿಂದಿನ ಬಾಗಿಲಿಗೆ ತಿರುಗಿತು. ಮುಂದಿದ್ದ ದರ್ಜಿ ಬಾಗಿಲನ್ನು ತಳ್ಳಿದ. ಅದು ಅಲುಗಲಿಲ್ಲ. ಹಿಂದಿನವರು ಅವನ ಬೆನ್ನಿಗೆ ಒತ್ತಿದರು.

"ಏಯ್, ತಳ್ಳಬೇಡ್ರೋ! ಉಸಿರು ಕಟ್ತಾ ಇದೆ! ಇದು ತೆಗೆಯೋಲ್ಲ, ಬೆಸುಗೆ ಹಾಕಿದ್ದೀವಲ್ಲ!"

"ಯಾರು ಹಾಕಿದ್ದೀವಿ?" ತಾತ ಕೇಳಿದ.

ನಗು ನಿಂತಿತು. ದರ್ಜಿ ಬಾಗಿಲಿಗೆ ಕೆನ್ನೆ ಒತ್ತಿಕೊಂಡೇ ಹೇಳಿದ, "ನಾವೇ."

ಎಲ್ಲರೂ ಮರಳಿ ಕುಳಿತ ಮೇಲೆ ತಾತ ದೊಡ್ಡ ಟೀಚರನ್ನು ಕೇಳಿ ಒಂದು ಹಾಳೆ ತರಿಸಿದ. ಪ್ರತಿ ತಿಂಗಳೂ ಇಬ್ಬರು ಪೋಷಕರು ಶಾಲೆ ಸುತ್ತಿ ನೋಡಿ ತುಂಬಬೇಕಾದ ಹಾಳೆ. ಅದನ್ನು ಎತ್ತಿ ಓದಿದ: "ತುರ್ತು ಬಾಗಿಲು ಸುಲಭವಾಗಿ ತೆರೆಯುತ್ತದೆಯೇ? ಹೌದು. ಬ್ಯಾಟರಿ, ವೈರಿಂಗ್ ನೋಡಲಾಗಿದೆಯೇ? ಹೌದು. ಸಹಿ..." ಅಲ್ಲಿಗೆ ನಿಲ್ಲಿಸಿ ತಾತ ಕನ್ನಡಕ ಒರೆಸತೊಡಗಿದ.

ವೆಲ್ಡಿಂಗ್‌ನವನು ಎದ್ದು ನಿಂತ.

"ಆ ಸಹಿ ನಂದೇ. ಪುಟ್ಟೀನ ಬಿಡೋಕೆ ಬಂದಾಗ ಗೇಟಲ್ಲೇ ನಿಂತು ಹಾಕಿದ್ದು. ಒಳಗೆ ಬಂದೇ ಇಲ್ಲ. ಬಾಗಿಲು ಮುಚ್ಚಿದ್ದೂ ನಾನೇ, ತೆರೆಯುತ್ತೆ ಅಂತ ಬರೆದದ್ದೂ ನಾನೇ."

ಯಾರೋ ಹಿಂದಿನಿಂದ, "ನಾವೆಲ್ಲ ಹಾಗೇ ಹಾಕೋದು ಬಿಡಪ್ಪ," ಎಂದರು.

"ಅದ್ಕೇ ಹೇಳ್ತಿರೋದು. ಇನ್ನೊಂದು ಮಾತು. ಆ ಹಾರೆ ಗುರುತು ನಾನು ನೋಡ್ದೆ. ಕಳ್ಳತನಕ್ಕೆ ಹಾಕಿದ್ದಲ್ಲ ಅದು. ಒಳಗೆ ನಮ್ಮ ಮಕ್ಕಳು ಬಾಗಿಲು ಬಡೀತಿದ್ರು, ಹೊರಗೆ ಇವರು ಮೀಟ್ತಿದ್ರು. ನನ್ನ ಮಗಳ ಕಿವಿಗೆ ಬಿದ್ದ ಧೈರ್ಯದ ಮಾತು ಇವರದ್ದು. ಕೈ ಮುರಿದದ್ದು ಇವರ ಮಗಳದ್ದು. ನಾನು ಈ ಅರ್ಜಿಗೆ ಸಹಿ ಹಾಕೋದಿಲ್ಲ."

ಅವನು ಜೇಬಿನಿಂದ ಅರ್ಜಿ ತೆಗೆದು ದರ್ಜಿಯ ಕೈಗಿಟ್ಟ. ಅರವತ್ತು ತಲೆಗಳು ಗಾರೆಯವನ ಕಡೆ ತಿರುಗಿದವು. ಅವನು ಕಾಲಬೆರಳಿನಿಂದ ನೆಲ ಕೆರೆಯುತ್ತಿದ್ದ.

ದರ್ಜಿ ಕೇಳಿದ, "ಸರಿನಪ್ಪ. ಬಾಗಿಲು ತೆಗೆದ್ಬಿಟ್ರೆ ನಾಳೆ ಯಾರಾದ್ರೂ ಒಳಗೆ ನುಗ್ಗಿದ್ರೆ? ಅದಕ್ಕೇನು ಹೇಳ್ತೀಯ?"

"ಹೊರಗಡೆ ಹಿಡಿಯೇ ಇಡಲ್ಲ. ಒಳಗೆ ಒಂದು ಅಡ್ಡಪಟ್ಟಿ, ಒಂದನೇ ಕ್ಲಾಸಿನ ಮಗುಗೂ ಎಟುಕೋ ಎತ್ತರದಲ್ಲಿ. ಒಳಗಿನಿಂದ ಒತ್ತಿದ್ರೆ ಬಾಗಿಲು ಹೊರಕ್ಕೆ ತೆರೆಯುತ್ತೆ. ಹೊರಗಿನಿಂದ ಯಾರಿಗೂ ಬರಲ್ಲ. ಬೀಗ ಇಲ್ಲ. ಕಿಟಕಿಗೂ ಸರಳು ಹಾಕ್ತೀನಿ."

"ಇದನ್ನ ಎಂಟು ತಿಂಗಳ ಹಿಂದೇನೇ ಹೇಳ್ಬಾರ್ದಿತ್ತಾ ಮಾರಾಯ?"

"ಹೇಳ್ಬೇಕಿತ್ತು."

ಸದಸ್ಯರು ಗಂಟಲು ಸರಿಮಾಡಿಕೊಂಡರು. "ನೋಡಿ, ಬಾಗಿಲು ಮುಚ್ಚಿಸಿದ್ದು ನಿಮ್ಮೆಲ್ಲರ ಒತ್ತಾಯಕ್ಕೆ. ಜನರ ಮಾತು ನಾನು ಮೀರೋನಲ್ಲ."

"ಮೀರಬೇಡಿ ಸ್ವಾಮಿ," ಎಂದ ತಾತ. "ವೈರಿಂಗ್ ಹೊಸದು ಮಾಡಿಸ್ತೀನಿ ಅಂತ ವೋಟಿಗೆ ಮುಂಚೆ ಇದೇ ಕೋಣೇಲಿ ಹೇಳಿದ್ರಲ್ಲ, ಆ ಮಾತೂ ಜನರದ್ದೇ."

"ಆಗುತ್ತೆ, ಆಗುತ್ತೆ. ಪ್ರಕ್ರಿಯೆಯಲ್ಲಿದೆ."

"ಯಾವ ತಾರೀಖು?" ಕೇಳಿದ್ದು ವೆಲ್ಡಿಂಗ್‌ನವನ ಹೆಂಡತಿ. ಅವಳು ಮೂರನೇ ಬೆಂಚಿನಲ್ಲಿದ್ದಳು. ಸಭೆಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. "ಸಭೆ ಪುಸ್ತಕದಲ್ಲಿ ಬರೆದು ಸಹಿ ಹಾಕಿಬಿಡಿ. ನಾವೂ ಹಾಕ್ತೀವಿ. ಈ ಸಲ ಓದಿ ಹಾಕ್ತೀವಿ."

ಸದಸ್ಯರು ಗೋಡೆಯ ಮೇಲಿನ ತಮ್ಮ ನಗುವನ್ನೊಮ್ಮೆ ನೋಡಿ, ಪೆನ್ನು ಕೇಳಿದರು. ಎರಡು ತಿಂಗಳೊಳಗೆ ವೈರಿಂಗ್, ಒಂದು ವಾರದೊಳಗೆ ಇನ್ವರ್ಟರ್ ಹೊರಗಿನ ಕೋಣೆಗೆ ಎಂದು ಬರೆದರು. ದರ್ಜಿ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ಹರಿಯಲಿಲ್ಲ. ಆದರೆ ಸದಸ್ಯರಿಗೆ ಕೊಡಲೂ ಇಲ್ಲ. ಹೋಗುವಾಗ ಗಾರೆಯವನ ಮುಂದೆ ನಿಂತು, "ಮಗು ಕೈ ಹೇಗಿದೆ?" ಎಂದಷ್ಟೇ ಕೇಳಿದ.

ಭಾನುವಾರ ಬೆಳಗ್ಗೆ ವೆಲ್ಡಿಂಗ್‌ನವನು ಗ್ರೈಂಡರ್ ತಂದು ತನ್ನ ಬೆಸುಗೆಯನ್ನು ತಾನೇ ಕೊಯ್ದ. ಹಾಕಲು ಒಂದು ಗಂಟೆ ಹಿಡಿದಿತ್ತು, ಕೊಯ್ಯಲು ಮೂರು ಗಂಟೆ ಹಿಡಿಯಿತು. ಬಾಗಿಲು ಬೀಳದಂತೆ ಹೊರಗಿನಿಂದ ಆತುಕೊಂಡು ಹಿಡಿದವನು ಗಾರೆಯವನು. ಮಧ್ಯಾಹ್ನದ ಹೊತ್ತಿಗೆ ಪುಟ್ಟಿ ಬಂದು ಅಡ್ಡಪಟ್ಟಿಯನ್ನು ಒಂದು ಕೈಯಲ್ಲಿ ಒತ್ತಿದಳು. ಬಾಗಿಲು ತೆರೆಯಿತು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಗಾರೆಯವನ ಮಗಳು ಇನ್ನೊಂದು ಕೈಯಲ್ಲಿ ಒತ್ತಿದಳು. ಆಗಲೂ ತೆರೆಯಿತು.

ಈಗ ಅಲ್ಲಿ ತಿಂಗಳ ಹಾಳೆಯನ್ನು ಇಬ್ಬರು ಪೋಷಕರು ಶಾಲೆ ಸುತ್ತಿಯೇ ತುಂಬುತ್ತಾರೆ. ಹೋದ ತಿಂಗಳ ಇಬ್ಬರಲ್ಲಿ ಒಬ್ಬ ಗಾರೆಯವನು. ಇನ್ವರ್ಟರ್ ಹೊರಗೆ ಹೋಗಿದೆ. ವೈರಿಂಗ್ ಅರ್ಧ ಆಗಿದೆ. ಬರೆದ ತಾರೀಖು ದಾಟಿದೆ, ಹಾಗಾಗಿ ಪ್ರತಿ ಸೋಮವಾರ ನಾಲ್ಕು ಜನ ಪುಸ್ತಕ ಹಿಡಿದು ಸದಸ್ಯರ ಕಚೇರಿಗೆ ಹೋಗಿ ಕೂರುತ್ತಾರೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ನಾಳೆ ಮಗುವನ್ನು ಬಿಡಲು ಹೋದಾಗ ಗೇಟಿನಿಂದಲೇ ತಿರುಗಬೇಡಿ. ಒಳಗೆ ಹೋಗಿ. ನಿಮ್ಮ ಮಗು ಕೂರುವ ಜಾಗದಲ್ಲಿ ಕುಳಿತು ನೋಡಿ. ಅಲ್ಲಿಂದ ಹೊರಗೆ ಬರಲು ಎರಡನೆಯ ದಾರಿ ಇದೆಯೇ? ಆ ಬಾಗಿಲನ್ನು ನಿಮ್ಮ ಕೈಯಿಂದಲೇ ತಳ್ಳಿ ನೋಡಿ. ತೆರೆಯದಿದ್ದರೆ ಅಂದೇ ಕೇಳಿ, ಬರೆದು ಕೇಳಿ, ತಾರೀಖು ಹಾಕಿಸಿಕೊಳ್ಳಿ. ಯಾರ ಮೇಲಾದರೂ ಅರ್ಜಿ ಬಂದರೆ, ಸಹಿ ಹಾಕುವ ಮೊದಲು ಅವರನ್ನೇ ಒಂದು ಮಾತು ವಿಚಾರಿಸಿ. ಅವರ ಮಗುವೂ ಅದೇ ಬಾಗಿಲಿನಿಂದ ಹೊರಗೆ ಬರಬೇಕಾದದ್ದು.

ವೆಲ್ಡಿಂಗ್ ಅಂಗಡಿಯವನು ಈಗ ಬೇರೆ ಶಾಲೆಗಳಿಗೂ ಅಂಥ ಬಾಗಿಲು ಮಾಡಿಕೊಡುತ್ತಾನೆ. ಹೋದಲ್ಲೆಲ್ಲ ಈ ಕಥೆಯನ್ನು, ತನ್ನ ತಪ್ಪಿನ ಸಮೇತ ಹೇಳುತ್ತಾನೆ. ಒಂದನ್ನು ಮಾತ್ರ ಅವನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಇಲ್ಲ. ಬಾಗಿಲಿಗೆ ಬೆಸುಗೆ ಹಾಕಿದ ದಿನ ಗಾರೆಯವನು ಓಣಿಯಿಂದ ಬಂದು ಅವನ ಪಕ್ಕ ನಿಂತು, "ಅಣ್ಣಾ, ಇದನ್ನ ಮುಚ್ಚಿದ್ರೆ ಮಕ್ಕಳು ಎಲ್ಲಿಂದ ಹೊರಗೆ ಬರ್ತಾರೆ?" ಎಂದು ಕೇಳಿದ್ದ. ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಕೇಳಿಸಿದ ಮೇಲೆಯೇ ಅವನು ಮಾಸ್ಕನ್ನು ಮುಖದ ಮೇಲೆ ಇಳಿಸಿಕೊಂಡಿದ್ದ.