ಎಲೆ, ಮಣೆ, ನೀರು

ಒಂದೇ ಒಂದು ತಾಮ್ರದ ಉಳಿ ಹಿಡಿದು, ಬೆಳಗಿನ ರೊಟ್ಟಿ ಬೇಯುವಷ್ಟರಲ್ಲಿ ನಾನೊಬ್ಬ ದೇವರನ್ನು ಕೊಂದಿದ್ದೇನೆ. ಸಣ್ಣಪುಟ್ಟ ದೇವರಲ್ಲ, ದೇವರುಗಳಿಗೆಲ್ಲ ರಾಜ, ಸಾಕ್ಷಾತ್ ಅಮೂನ್. ಮಧ್ಯಾಹ್ನದ ಹೊತ್ತಿಗೆ ಪಾಪ ಅನ್ನಿಸಿತು, ಮತ್ತೆ ಬದುಕಿಸಿದೆ. ನಂಬಿಕೆ ಬರದಿದ್ದರೆ ನಮ್ಮ ಕಲ್ಲುಕುಟಿಗರ ಕೇರಿಗೆ ಬಂದು ಪಶೆದು ಯಾರೆಂದು ಕೇಳಿ. ಜನ ಹೇಳುವುದಿರಲಿ, ಕತ್ತೆಗಳೂ ನನ್ನ ಮನೆಯ ಕಡೆ ಮೂತಿ ತಿರುಗಿಸುತ್ತವೆ.

ಆಗ ಆಳುತ್ತಿದ್ದ ಫೇರೋನ ಹೆಸರನ್ನು ಈಗ ಬಾಯಿಬಿಟ್ಟು ಹೇಳುವ ಹಾಗಿಲ್ಲ. 'ಆ ಅಪರಾಧಿ' ಅಂದರೆ ಎಲ್ಲರಿಗೂ ತಿಳಿಯುತ್ತದೆ. ಅವನ ಪಾಲಿಗೆ ಸೂರ್ಯಬಿಂಬದ ಆತೆನ್ ಒಬ್ಬನೇ ದೇವರು. ಉಳಿದವರ ಗುಡಿಗಳ ಬಾಗಿಲಿಗೆ ಮುದ್ರೆ ಬಿತ್ತು. ಅರಮನೆ, ಅಡುಗೆಮನೆ, ನಾಯಿ, ಬೆಕ್ಕು ಎಲ್ಲ ಕಟ್ಟಿಕೊಂಡು ಹೋಗಿ ಮರಳುಗಾಡಿನಲ್ಲಿ ಹೊಸ ರಾಜಧಾನಿ ಕಟ್ಟಿದ. ಆ ಆತೆನ್‌ನ ಚಿತ್ರವೋ, ಒಂದು ದುಂಡು ಬಿಲ್ಲೆ, ಅದರಿಂದಿಳಿಯುವ ಕಿರಣಗಳ ತುದಿಗೆಲ್ಲ ಪುಟ್ಟ ಪುಟ್ಟ ಕೈ. ನಾನೊಬ್ಬನೇ ಅಂಥ ನಲವತ್ತು ಸಾವಿರ ಕೈ ಕೆತ್ತಿದ್ದೇನೆ. ಒಂದೇ ಒಂದು ಕೈ ನನಗೊಂದು ಮಡಕೆ ಬಿಯರ್ ನೀಡಿದ್ದರೆ ಕೇಳಿ.

ಆಮೇಲೆ ಬಂತು ಆಜ್ಞೆ: ಎಲ್ಲೆಲ್ಲಿ ಅಮೂನ್‌ನ ಹೆಸರಿದೆಯೋ ಅಲ್ಲೆಲ್ಲ ಕೆತ್ತಿ ತೆಗೆಯಿರಿ. ನಮ್ಮಲ್ಲಿ ಯಾರಿಗೆ ಓದು ಬರುತ್ತದೆ? ಮೇಸ್ತ್ರಿ ತಲೆಗೊಂದರಂತೆ ಮಡಕೆಚೂರು ಕೊಟ್ಟ. ಅದರ ಮೇಲೆ ಮೂರು ಗುರುತು: ಒಂದು ಜೊಂಡಿನ ಎಲೆ, ಕಾಯಿ ಜೋಡಿಸಿದ ಆಟದ ಮಣೆ, ಅಲೆಯಲೆ ನೀರು. ಈ ಮೂರು ಕಂಡಲ್ಲಿ ಹೊಡೆಯಿರಿ ಅಂದ.

ನನ್ನ ಗ್ರಹಚಾರಕ್ಕೆ, ತೀರಿಹೋದ ನನ್ನ ಮಾವನ ಹೆಸರು ಅಮೆನೆಮ್‌ಹೆಬ್. ಹೆಸರಿನ ಮುಂಭಾಗದಲ್ಲೇ ಅಮೂನ್ ಕಾಲು ಚಾಚಿ ಕೂತಿದ್ದ. ಮಾವನ ಸಮಾಧಿ ನಮ್ಮ ಕೇರಿಯ ಮೇಲಿನ ಗುಡ್ಡದಲ್ಲಿ, ಹೆಸರು ಅದರ ಬಾಗಿಲ ಕಲ್ಲಿನಲ್ಲಿ. ಕಲ್ಲಿನಿಂದ ಹೆಸರು ಹೋದರೆ ಸತ್ತವರಿರುವ ಪಶ್ಚಿಮ ಲೋಕದಲ್ಲಿ ಮನುಷ್ಯನೂ ಹೋದ ಹಾಗೆ. ಇಟ್ಟ ರೊಟ್ಟಿ ಅವನಿಗೆ ಮುಟ್ಟುವುದಿಲ್ಲ, ಕೂಗಿದರೆ ಓಗೊಡುವವರಿರುವುದಿಲ್ಲ. ನಮ್ಮತ್ತೆ ಹುನೆರೊ ಬಾಗಿಲಿಗೆ ಅಡ್ಡ ನಿಂತಳು.

"ನೋಡಪ್ಪಾ ಪಶೆದು, ನಿನ್ನ ಉಳಿ ಆ ಕಲ್ಲು ಮುಟ್ಟಿದ್ರೆ, ನೀನು ಈ ಹೊಸ್ತಿಲು ಮುಟ್ಬೇಡ."

ಆ ಕಲ್ಲು ಮುಟ್ಟದಿದ್ದರೆ ಬೆನ್ನಿಗೆ ಬೆತ್ತ ಮುಟ್ಟುತ್ತದೆ ಅಂತ ಮೇಸ್ತ್ರಿ. ಬೇರೆಯವನಾಗಿದ್ದರೆ ನದಿಗೆ ಹಾರುತ್ತಿದ್ದ. ನಾನು ಉಳಿಯ ಜೊತೆ ಒಂದು ಬುಟ್ಟಿ ಗಾರೆ ಹೊತ್ತು ಗುಡ್ಡ ಹತ್ತಿದೆ. ಹಿಂದೆ ಈಟಿ ಹಿಡಿದ ಹನ್ನೆರಡು ಕಾವಲುಗಾರರು. ಮಾವನ ಹೆಸರಿಗೆ ಗೀರೂ ತಾಗದಂತೆ ದಪ್ಪಗೆ ಗಾರೆ ಮೆತ್ತಿ, ಮೇಲೊಂದು ಆತೆನ್ ಬಿಲ್ಲೆ ಕೊರೆದೆ. ಮೇಸ್ತ್ರಿಗೆ ಗುಮಾನಿ ಬಂದು ಗೋಡೆಗೆ ಮೂಗು ತಾಗಿಸಿ ನೋಡುವಾಗ, ಕರುವಿನಷ್ಟು ದೊಡ್ಡ ಚೇಳು ಹೊರಬಂತು. ನಾನು ಬಾಲ ಹಿಡಿದು ಎತ್ತಿದೆ. ಹದಿಮೂರು ಜನರೂ ಓಡಿದ ಧೂಳು ಮೂರು ದಿನ ಇಳಿಯಲಿಲ್ಲ.

ಒಂಬತ್ತು ವರ್ಷ ಈ ಕತೆ ಹೇಳಿದೆ. ಅತ್ತೆಯ ಮನೆಯಲ್ಲಿ ಯಾವ ಹಬ್ಬವಾದರೂ ಬಾತುಕೋಳಿಯ ಕಾಲು ನನ್ನ ತಟ್ಟೆಗೆ.

ಅಷ್ಟರಲ್ಲಿ ಆ ಅಪರಾಧಿ ಸತ್ತ. ಅವನ ಪಟ್ಟಣದಲ್ಲಿ ನರಿ ಸೇರಿಕೊಂಡವು. ಹಳೆಯ ದೇವರುಗಳು ತಮ್ಮ ತಮ್ಮ ಗುಡಿಗೆ ಮರಳಿದರು. ಕಣಿವೆಯ ಹಬ್ಬವೂ ಮತ್ತೆ ಶುರುವಾಯಿತು. ಅಮೂನ್ ದೋಣಿಯಲ್ಲಿ ನದಿ ದಾಟಿ ನಮ್ಮ ದಡಕ್ಕೆ ಬರುತ್ತಾನೆ, ನಾವೆಲ್ಲ ಸಮಾಧಿಗಳ ಮುಂದೆ ಸತ್ತವರ ಜೊತೆ ಕೂತು ಉಣ್ಣುತ್ತೇವೆ. ಈ ಸಲ ಗಾರೆ ಒಡೆಯಬೇಕು, ಲಿಪಿಕಾರ ಪಿಯಾಯ್ ಹೆಸರು ಓದಬೇಕು, ಆಮೇಲೆ ತಾನು ಗಂಡನನ್ನು ಊಟಕ್ಕೆ ಕರೆಯಬೇಕು ಅಂತ ಅತ್ತೆ ಪಟ್ಟು ಹಿಡಿದಳು.

ಮುಂದಿನ ವರ್ಷ ನೋಡೋಣ ಅಂದೆ. ತೋಳು ಉಳುಕಿದೆ ಅಂದೆ. ಗಾರೆ ಇದ್ದರೆ ಮಾವನಿಗೆ ತಂಪು ಅಂದೆ. ಅವಳು ಬಾತು, ಈರುಳ್ಳಿ, ಬಿಯರ್ ಎಲ್ಲ ನನ್ನ ತಲೆಯ ಮೇಲೇ ಹೊರಿಸಿ ಗುಡ್ಡ ಹತ್ತಿಸಿದಳು. ಮೇಲೆ ಹೋದಮೇಲೆ ಕೊಡತಿಯನ್ನು ಕೈಗಿಟ್ಟಳು.

ಹೊಡೆದೆ. ಗಾರೆ ಕಳಚಿ ಬಿತ್ತು. ಪಿಯಾಯ್ ಕಲ್ಲನ್ನು ಬಟ್ಟೆಯಲ್ಲಿ ಒರೆಸಿ, ಬೆರಳಿಟ್ಟು ಓದಿದ: ಅಮೆನೆಮ್‌ಹೆಬ್. ಪೂರ್ತಿ ಹೆಸರು. ಅತ್ತೆ ಒಂಬತ್ತು ವರ್ಷ ಕೂಡಿಟ್ಟಿದ್ದನ್ನೆಲ್ಲ ಸೇರಿಸಿ ಆ ಹೆಸರು ಕೂಗಿದಳು. ಎರಡು ಮೊಮ್ಮಕ್ಕಳಾದವು ಅಂತ ಹೇಳಿದಳು, ಮುದಿ ಕತ್ತೆ ಸತ್ತಿತು ಅಂತ ಹೇಳಿದಳು, ಬಾತು ಬಿಸಿಯಾಗಿದೆ ಬಾ ಅಂದಳು. ಎಲ್ಲರೂ ಕಲ್ಲನ್ನು ನೋಡುತ್ತಿದ್ದರು. ಅವಳೊಬ್ಬಳು ತಿರುಗಿ ನನ್ನನ್ನು ನೋಡಿದಳು. ನೀರಾನೆ ಹೊಕ್ಕು ಹೊರಬರುವಷ್ಟು ನನ್ನ ಬಾಯಿ ತೆರೆದಿತ್ತು.

"ಅಲ್ಲಯ್ಯಾ, ಮುಚ್ಚಿಟ್ಟೋನೂ ನೀನೇ. ಮತ್ತೆ ಎಲ್ಲರಿಗಿಂತ ಜಾಸ್ತಿ ನೀನ್ಯಾಕೆ ಬೆರಗಾದೆ?"

ಬಾಯಿಗೆ ಧೂಳು ಹೋಯಿತು ಅಂದೆ. ಪಿಯಾಯ್‌ನ ಬೆರಳು ಅಷ್ಟರಲ್ಲಿ ಕೆಳಗಿನ ಸಾಲಿಗೆ ಇಳಿದಿತ್ತು.

"ಇಲ್ಲೊಂದು ಹಳ್ಳ ಇದೆಯಲ್ಲ. 'ಇವನ ಹೆಸರು ಸ್ಥಿರವಾಗಿರಲಿ' ಅಂತಿರ್ಬೇಕು. 'ಸ್ಥಿರ' ಅನ್ನೋದನ್ನ ಯಾರೋ ಪುಣ್ಯಾತ್ಮ ಕೆತ್ತಿ ಹಾಕಿದಾನೆ. ಅದನ್ನೂ ಮಣೆ, ನೀರು ಹಾಕೇ ಬರೆಯೋದು. ಎಲೆ ಮಾತ್ರ ಇರಲ್ಲ."

ಅತ್ತೆ ಬಾತಿನ ಕಾಲನ್ನು ಬುಟ್ಟಿಗೆ ವಾಪಸು ಇಟ್ಟು, ಮುಚ್ಚಳ ಮುಚ್ಚಿ, ಅದರ ಮೇಲೆ ಕೂತಳು. "ಹೂಂ, ಹೇಳು."

ಹೇಳಿದೆ. ಚೇಳಿರಲಿಲ್ಲ. ಕಾವಲುಗಾರರೂ ಇರಲಿಲ್ಲ. ಮೇಸ್ತ್ರಿ ಕೆಳಗೆ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ. ಬೆತ್ತಕ್ಕೆ ಹೆದರಿ ನಾನು ಹೋದದ್ದು ಮಾವನ ಹೆಸರು ಕೆತ್ತಿ ತೆಗೆಯಲಿಕ್ಕೇ. ಉಳಿ ಹಿಡಿಯಲು ಕಲಿಸಿದವನೇ ಅವನು, ಹಾಗಾಗಿ ಕಣ್ಣು ಬಿಟ್ಟು ನೋಡಲಾಗಲಿಲ್ಲ. ಅರೆಗಣ್ಣಿಗೆ ಮಣೆ ಕಂಡಿತು, ನೀರು ಕಂಡಿತು, ಹೊಡೆದೆ. ಎಲೆ ಇತ್ತೋ ಇಲ್ಲವೋ ಯಾರು ನೋಡಿದರು? ಆ ಹಳ್ಳ ಅತ್ತೆಯ ಕಣ್ಣಿಗೆ ಬೀಳಬಾರದೆಂದೇ ಕಲ್ಲಿಗೆಲ್ಲ ಗಾರೆ ಮೆತ್ತಿದ್ದು. ಒಂಬತ್ತು ವರ್ಷ, ಮಾವನನ್ನು ನಾನೇ ಇಲ್ಲವಾಗಿಸಿದೆ ಎಂದುಕೊಂಡೇ ಬಾತಿನ ಕಾಲು ತಿಂದೆ.

ನಮ್ಮ ಈ ವಾಸೆತ್ ಪಟ್ಟಣದಲ್ಲಿ ಇನ್ನೂ ಎಷ್ಟು ಗೋಡೆಗೆ ಕೈಯಿಟ್ಟಿದ್ದೀಯೋ ಮಾರಾಯ ಅಂತ ಪಿಯಾಯ್ ತಲೆ ಹಿಡಿದುಕೊಂಡ. ಅತ್ತೆ ಮಾತ್ರ ಬುಟ್ಟಿ ಅಲುಗಾಡುವಂತೆ ನಕ್ಕಳು.

"ಓದು ಬಂದಿದ್ರೆ ನನ್ನ ಗಂಡನ್ನ ಕಳೀತಿದ್ದೆಯಲ್ಲೋ. ತಗೋ, ಕಾಲು ಸುಳ್ಳಿಗಾಯ್ತು. ನಿಜಕ್ಕೆ ಕುತ್ತಿಗೆ."

ಕುತ್ತಿಗೆ ತಿಂದೆ. ಇನ್ನು ಆ ದೇವರನ್ನು ಕೊಂದ ವಿಷಯ. ಅದೂ ಇಷ್ಟೇ. ಕೊಂದದ್ದು ಅಮೂನ್‌ನನ್ನಲ್ಲ, ಒಂದು 'ಸ್ಥಿರ'ವನ್ನು. ಇವತ್ತು ಬೆಳಿಗ್ಗೆ ಅದನ್ನು ಮತ್ತೆ ಕೆತ್ತಿ ಬಂದೆ. ಪಿಯಾಯ್ ಪಕ್ಕದಲ್ಲೇ ನಿಂತು ಒಂದೊಂದೇ ಗುರುತು ತೋರಿಸಿಕೊಟ್ಟ.