ಬೋರ್ಡಿನ ಎರಡನೇ ಸಾಲು

ತಮ್ಮ ದೊಡ್ಡವನಾದ ಮೇಲೆ ಲಾಂಡ್ರಿಯಲ್ಲಿ ಅವನಿಗೆ ಅರ್ಧ ಪಾಲು ಕೊಡ್ತೀನಿ ಅಂತ ಅಕ್ಕ ಸಾಯುತ್ತಿದ್ದ ಅಮ್ಮನಿಗೆ ಮಾತು ಕೊಟ್ಟಿದ್ದಳು. ಈಗ ತಮ್ಮನ ತಲೆ ನರೆತಿತ್ತು. ಪಾಲಿನ ಸುದ್ದಿ ಇರಲಿಲ್ಲ, ಇಸ್ತ್ರಿಪೆಟ್ಟಿಗೆ ಕೈಬಿಟ್ಟಿರಲಿಲ್ಲ.

ಅಂಗಡಿಗೆ ಹೊಸದಾಗಿ ಇಂಗ್ಲಿಷ್ ಬೋರ್ಡು ಬರೆಸುವ ದಿನ ಬಂತು. ಮೊದಲ ಸಾಲಿನಲ್ಲಿ ಅಕ್ಕನ ಹೆಸರು, ಪಕ್ಕದಲ್ಲಿ ಪ್ರೊಪ್ರೈಟರ್. ಎರಡನೇ ಸಾಲಿನಲ್ಲಿ ತಮ್ಮನ ಹೆಸರು ಬರೆದ ಪೇಂಟರ್ ಏಣಿಯ ಮೇಲಿಂದ ಕೇಳಿದ, "ಇವ್ರು ಏನಂತ ಬರೀಲಿ?"

"ಹೆಲ್ಪರ್," ಎಂದ ಅಕ್ಕನ ಗಂಡ.

"ಹೆಲ್ಪರ್ ಅಂದ್ರೆ ಬಕೆಟ್ ಹೊರೋನು ಭಾವ," ತಮ್ಮ ಮುಖ ಗಂಟಿಕ್ಕಿದ.

ಕಾಲೇಜಿಗೆ ಹೋಗುವ ಅಕ್ಕನ ಮಗಳು ಬಾಯಿ ಹಾಕಿದಳು. "ಅಸಿಸ್ಟೆಂಟ್ ಅನ್ನು ಮಾಮ. ಅದೇ ಬಕೆಟ್ಟು, ಟೈ ಕಟ್ಕೊಂಡು ಹೊರೋದು."

"ಅಸೋಸಿಯೇಟ್ ಅಂದ್ರೆ?"

"ಹೊರೋನು ನೀನೇ. ನೋಡಿದವ್ರು ಬಕೆಟ್ಟೂ ನಿಂದೇ ಅನ್ಕೋತಾರೆ."

"ಪಾರ್ಟ್‌ನರ್?"

"ಅರ್ಧ ಬಕೆಟ್ ನಿಜವಾಗ್ಲೂ ನಿಂದು."

ತಮ್ಮ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟ. "ಅಕ್ಕ, ಅದನ್ನೇ ಬರೆಸೇ. ಅಮ್ಮ ಕೇಳಿದ್ದೂ ಅದೇ ತಾನೆ?"

ಅಕ್ಕ ಬೋರ್ಡು ನೋಡಿದಳು, ಗಂಡನ ಮುಖ ನೋಡಿದಳು. "ಅಸೋಸಿಯೇಟ್ ಗತ್ತಾಗಿದೆ ಕಣೋ, ಉದ್ದ ಬೇರೆ. ಪಾರ್ಟ್‌ನರ್ ಅಂತ ಪಂಕ್ಚರ್ ಅಂಗಡಿಯವ್ರೂ ಹಾಕ್ಕೋತಾರೆ."

"ಅಂದ್ರೆ ಪಾಲಿಲ್ಲ ಅನ್ನು."

"ಅಯ್ಯೋ, ಇಷ್ಟು ದೊಡ್ಡ ಪದ ಕೊಡ್ತಿದೀನಲ್ಲೋ!"

ಪೇಂಟರ್ ಅಸೋಸಿಯೇಟ್ ಎಂದೇ ಬರೆದ. ಅಮ್ಮನಿಗೆ ಕೊಟ್ಟ ಮಾತನ್ನು ಅಕ್ಕ ಉಳಿಸಿಕೊಳ್ಳಲಿಲ್ಲ.