ಬೋರಲು ಹಾಕಿದ ತೆಪ್ಪ

ಮನೆಯ ಯಜಮಾನ ಹೋದ ಮೇಲೆ ಅವನು ಬಳಸಿದ ಸಾಮಾನುಗಳನ್ನು ಏನು ಮಾಡಬೇಕು? ಈ ಪ್ರಶ್ನೆ ಎದುರಾಗದ ಮನೆ ಯಾವ ಊರಿನಲ್ಲೂ ಇಲ್ಲ. ಬಟ್ಟೆಬರೆಯನ್ನು ಯಾರಿಗಾದರೂ ಕೊಡಬಹುದು. ಆದರೆ ಮೀನು ಹಿಡಿಯುವವನ ಮನೆಯಲ್ಲಿ ಬಲೆ ಇರುತ್ತದೆ, ಹುಟ್ಟು ಇರುತ್ತದೆ, ಅಂಗಳದ ತುಂಬ, ಬುಟ್ಟಿಯಂತೆ ಬಿದಿರು ಹೆಣೆದು ಟಾರ್ಪಾಲು ಹೊದಿಸಿದ ತೆಪ್ಪ ಇರುತ್ತದೆ. ಅವು ದುಡಿಯುವ ಸಾಮಾನು. ಸುಮ್ಮನೆ ಇಟ್ಟರೆ ಹಾಳಾಗುತ್ತವೆ. ಮಾರಿದರೆ ಇನ್ನೊಂದು ಮನೆಯ ಒಲೆ ಉರಿಸುತ್ತವೆ.

ಮಾರಿಕಣಿವೆ ಹಿನ್ನೀರಿನ ದಂಡೆಯ ಮೇಲಿನ ಒಂದು ಊರಿನಲ್ಲಿ, ಚಂದ್ರಕ್ಕನ ಮನೆಯಲ್ಲಿಯೂ ಈ ಪ್ರಶ್ನೆ ಬಂತು. ಆಕೆಯ ಗಂಡ ಹನುಮಂತಪ್ಪ ಶಿವರಾತ್ರಿಗೆ ಮುಂಚೆ ಒಂದು ಬೆಳಗ್ಗೆ ಬಲೆ ಎತ್ತಲು ಹೋದವನು ತಿರುಗಿ ಬರಲಿಲ್ಲ. ನೀರು ಇಳಿದ ವರ್ಷಗಳಲ್ಲಿ ಬೆಳೆದು, ಏರಿದ ವರ್ಷಗಳಲ್ಲಿ ಮುಳುಗಿದ ಜಾಲಿಮರಗಳ ಬೊಡ್ಡೆಗಳು ಅಲ್ಲಿ ನೀರಿನೊಳಗೆ ಮೊನೆ ಚಾಚಿ ನಿಂತಿವೆ. ಅಂಥದೊಂದು ಬೊಡ್ಡೆ ತೆಪ್ಪದ ತಳವನ್ನು ಸೀಳಿತು. ಗಂಗಮ್ಮ ಹನುಮಂತಪ್ಪನನ್ನು ತನ್ನ ಮಡಿಲಿಗೆ ಹಾಕಿಕೊಂಡಳು. ತೆಪ್ಪವನ್ನು ಮಾತ್ರ ದಡಕ್ಕೆ ತಳ್ಳಿದಳು.

ಊರವರು ಅದನ್ನು ಹೊತ್ತು ತಂದು ಅಂಗಳದಲ್ಲಿ ಬೋರಲು ಹಾಕಿದರು. ಅಂದಿನಿಂದ ಚಂದ್ರಕ್ಕನಿಗೆ ಅದರ ಅಡಿಯಿಂದ ಒಂದು ಸದ್ದು ಕೇಳತೊಡಗಿತು. ತೊಟ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ, ತೊಟ್. ನೀರು ಸೋರುವ ಸದ್ದು.

ಆಗ ವೈಶಾಖ ಮಾಸ. ನಾಯಿ ಕೂಡ ನೆರಳು ಬಿಟ್ಟು ಕದಲದ ಬಿಸಿಲು. ಒಂದು ಮಧ್ಯಾಹ್ನ ಚಂದ್ರಕ್ಕ ಧೈರ್ಯ ಮಾಡಿ ತೆಪ್ಪದ ಅಂಚನ್ನು ಎತ್ತಿ ಕೈ ಚಾಚಿದಳು. ಕೆಳಗಿನ ಮಣ್ಣು ಹಸಿಯಾಗಿತ್ತು, ತಣ್ಣಗಿತ್ತು. ಕೈಯನ್ನು ಮೂಗಿಗೆ ತಂದರೆ ಹಿನ್ನೀರಿನ ಪಾಚಿಯ ವಾಸನೆ.

"ನೆಳ್ಳಿಗೆ ಮಣ್ಣು ತಂಪಾಗಿರ್ತೈತೆ ದೊಡ್ಡಮ್ಮ. ಅದಕ್ಕೆಲ್ಲ ಹೆದರ್ತಾರೇನು?" ಎಂದ ಮಾರುತೇಶ್. ಅವನು ಹನುಮಂತಪ್ಪನ ತಮ್ಮನ ಮಗ. ಹಿರಿಯೂರಿನಲ್ಲಿ ಮೊಬೈಲು ಅಂಗಡಿ ಇಟ್ಟುಕೊಂಡಿದ್ದ.

"ಹೆದರಿಕೆ ಅಲ್ಲಪ್ಪ. ಅದು ಅಂಗಳದಾಗೆ ಇರೋ ತನಕ ನನಗೆ ಅನ್ನ ಇಳಿಯಲ್ಲ. ಹೆಂಗಾದ್ರು ಮಾಡಿ ಸಾಗ್ಸು."

"ಊರಾಗಿನೋರು ಯಾರೂ ಮುಟ್ಟಲ್ಲ. ಇಂಟರ್‌ನೆಟ್ಟಿನಾಗೆ ಹಾಕಾಣ. ಈಗ ಹಳೇ ಬೈಕು, ಹಳೇ ಟಿ.ವಿ. ಎಲ್ಲಾ ಅದ್ರಾಗೇ ಮಾರ್ತಾರೆ. ದೂರದೋರು ಫೋಟೋ ನೋಡ್ತಾರೆ, ಬಂದು ಒಯ್ತಾರೆ."

"ಮತ್ತೆ ನೀರು ತೋರ್ಸೋದು?"

ಮಾರುತೇಶ್ ನಕ್ಕ. "ಕಂಪ್ಯೂಟರಿನಾಗೆ ನೀರು ಹುಯ್ಯಕ್ಕೆ ಆಗ್ತೈತಾ ದೊಡ್ಡಮ್ಮ?"

ನೀರು ತೋರಿಸುವುದು ಆ ದಂಡೆಯವರ ಹಿಂದಿನಿಂದ ಬಂದ ಪದ್ಧತಿ. ಹಳೆಯ ತೆಪ್ಪ ಕೈ ಬದಲಾಗುವಾಗ ಅದನ್ನು ಬೋರಲು ಹಾಕಿ, ಕೊಳ್ಳುವವನನ್ನು ಅದರ ಒಳಗೆ ಕೂರಿಸುತ್ತಾರೆ. ಮಾರುವವನು ತಳಕ್ಕೆ ಅರಿಸಿನ ಹಚ್ಚಿ ಕೊಡದಿಂದ ನೀರು ಹೊಯ್ಯುತ್ತಾನೆ. ಒಳಗಿದ್ದವನ ತಲೆ ನೆನೆಯದಿದ್ದರೆ ವ್ಯಾಪಾರ. ನೆನೆದರೆ ಮಾರುವವನು ತಪ್ಪಾಯಿತೆಂದು ಕೈಮುಗಿದು ತೆಪ್ಪವನ್ನು ವಾಪಸು ಒಯ್ಯಬೇಕು. ಗಂಗಮ್ಮನ ಎದುರಿಗೆ ಮುಚ್ಚುಮರೆ ಇರಬಾರದು ಎಂದು ಹಿರಿಯರು ಮಾಡಿದ ಕಟ್ಟಳೆ ಅದು.

ಮಾರುತೇಶ್ ಆ ಕಟ್ಟಳೆಯನ್ನು ಬದಿಗಿಟ್ಟ. ಸೀಳಿದ ಕಡೆ ಗೋಣಿಚೀಲದ ತುಂಡು ಅಂಟಿಸಿ, ಮೇಲೆ ದಪ್ಪಗೆ ಡಾಂಬರು ಬಳಿದ. ಕಪ್ಪಿನ ಮೇಲೆ ಕಪ್ಪು. ಏನೂ ಕಾಣದಂತಾಯಿತು. ಚಂದ್ರಕ್ಕ ಹೊಸ್ತಿಲಲ್ಲಿ ಕುಳಿತು ನೋಡಿದಳು, ಬೇಡ ಎನ್ನಲಿಲ್ಲ. ಅದು ಹೋದರೆ ಸಾಕಾಗಿತ್ತು ಆಕೆಗೆ.

ಅವನು ಹನುಮಂತಪ್ಪನ ನಂಬರು ಕೊಟ್ಟು ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಹಾಕಿದ ಮೇಲೆ, ಮನೆಯಲ್ಲಿದ್ದ ಹನುಮಂತಪ್ಪನ ಮೊಬೈಲು ಕೂಗತೊಡಗಿತು.

"ಹನುಮಂತಪ್ಪನೋರು ಅವ್ರೇನ್ರಿ?" ಎಂದಿತು ಒಂದು ಗಂಡು ದನಿ.

ಚಂದ್ರಕ್ಕ ಫೋನು ಕೆಳಗಿಟ್ಟಳು. ಇನ್ನೊಬ್ಬರು ಮಾಡಿದರು. "ಹನುಮಂತಪ್ಪನೋರೇ, ತೆಪ್ಪ ಇನ್ನೂ ಐತಾ?" ಚಿತ್ರದುರ್ಗದಿಂದ ಒಬ್ಬ ಬರುತ್ತೇನೆಂದು ಹೇಳಿ, ಆಕೆಯನ್ನು ದಿನವೆಲ್ಲ ಬಾಗಿಲಲ್ಲಿ ಕೂರಿಸಿ, ಬರಲೂ ಇಲ್ಲ, ಬರುವುದಿಲ್ಲವೆಂದು ತಿಳಿಸಲೂ ಇಲ್ಲ. ಸತ್ತವನ ಹೆಸರನ್ನು ಕರೆಯುತ್ತ ಎಲ್ಲೆಲ್ಲಿಂದಲೋ ದನಿಗಳು ಬರುತ್ತಿದ್ದವು.

ಒಂದು ಸಂಜೆ ಮಾರುತೇಶ್ ಮನೆಯಲ್ಲಿದ್ದಾಗಲೇ ಫೋನು ಬಂತು. ಅವನು ಎತ್ತಿ, ಗಂಟಲು ದಪ್ಪ ಮಾಡಿಕೊಂಡು, "ಹೌದ್ರಿ, ನಾನೇ ಹನುಮಂತಪ್ಪ. ತೆಪ್ಪ ಕಲ್ಲಿದ್ದಂಗೆ ಐತೆ. ನಾಳೆ ಊರಿಗೆ ಬಂದು ಫೋನ್ ಮಾಡ್ರಿ, ಮನೆ ತೋರಿಸ್ತೀನಿ" ಎಂದ.

ಅದೇ ಗಳಿಗೆಯಲ್ಲಿ ಅಂಗಳದಿಂದ ಸದ್ದು ಬಂತು. ತೊಟ್.

ಮಾರುತೇಶ್ ಒಮ್ಮೆ ಅತ್ತ ನೋಡಿದ. ಎದ್ದು ಹೊರಟುಹೋದ.

ಮರುದಿನ ಬಿಸಿಲೇರುವ ಹೊತ್ತಿಗೆ ಅವನು ಮತ್ತೆ ಬಂದು, ಕೊಳ್ಳುವವನ ಫೋನಿಗಾಗಿ ಕಾದು ಕುಳಿತ. ಕೊಳ್ಳುವವನಿಗಿಂತ ಮೊದಲು ಬಂದವಳು ಉಷಾರಾಣಿ. ಆಕೆ ಮಹಿಳಾ ಸಂಘದ ಕಾರ್ಯದರ್ಶಿ, ಚಂದ್ರಕ್ಕನ ಗೆಳತಿ. ಸಂಘದ ಕೆಲಸಕ್ಕೆ ಹೊಸದುರ್ಗದ ಇಂಟರ್‌ನೆಟ್ ಸೆಂಟರಿಗೆ ಹೋಗಿದ್ದವಳು ಮುಖ ಬಿಳಿಚಿಕೊಂಡು ಬಂದಿದ್ದಳು.

"ಚಂದ್ರಕ್ಕ, ನಿಮ್ಮ ಯಜಮಾನ್ರು ಕಂಪ್ಯೂಟರಿನಾಗೆ ನಗ್ತಾ ನಿಂತವ್ರೆ. ತೆಪ್ಪದಾಗೆ ನಿಂತ್ಕಂಡು ಹುಟ್ಟು ಹಿಡಿದವ್ರೆ. ಕೆಳಗೆ, 'ನಾನು ಹನುಮಂತಪ್ಪ, ಬೇರೆ ಊರಿಗೆ ಹೋಗುತ್ತಿದ್ದೇನೆ, ಅದಕ್ಕೆ ಮಾರುತ್ತಿದ್ದೇನೆ' ಅಂತ ಬರ್ದೈತೆ. ನನಗೆ ಮೈಯೆಲ್ಲ ಜುಂ ಅಂತು."

ಚಂದ್ರಕ್ಕ ಮಾರುತೇಶನ ಕಡೆ ತಿರುಗಿದಳು. ಅವನು ನೆಲ ನೋಡಿದ. "ಹೆಂಗಸ್ರು ಮಾರ್ತಾರೆ ಅಂದ್ರೆ ರೇಟು ಕಮ್ಮಿ ಕೇಳ್ತಾರೆ ದೊಡ್ಡಮ್ಮ. ಡಾಂಬರು ಬಳಿದಿರೋ ಫೋಟೋ ಚೆನ್ನಾಗಿ ಬರ್ಲಿಲ್ಲ. ದೊಡ್ಡಪ್ಪ ಹೊಸದಾಗಿ ನೀರಿಗೆ ಇಳಿಸಿದ ದಿನ ಮೊಬೈಲಿನಾಗೆ ತೆಗೆದಿದ್ದೆ, ಅದನ್ನೇ ಹಾಕ್ದೆ."

"ಲೇ ಮಾರುತೇಶ, ಇರೋ ಸಾಮಾನು ಒಂದು, ತೋರ್ಸೋ ಫೋಟೋ ಒಂದಾ? ನಾನು ಹೋದ ವರ್ಷ ಹಂಗೇ ಒಂದು ಹೊಲಿಗೆ ಮಿಷನ್ ತಗಂಡೆ. ಫೋಟೋದಾಗೆ ಮದುವಣಗಿತ್ತಿ, ಮನೆಗೆ ಬಂದ್ರೆ ಮುರುಕು ಮೊರ. ನನ್ನ ಮಿಷನ್ ಕೆಟ್ರೆ ರವಿಕೆ ಹಾಳಾಗ್ತಿತ್ತು ಅಷ್ಟೆ. ತೆಪ್ಪ ಕೆಟ್ರೆ?"

"ಕೊಳ್ಳೋರಿಗೆ ಕಣ್ಣಿಲ್ವೇನು ಉಷಕ್ಕ? ನೋಡ್ಕಂಡು ತಗಂತಾರೆ."

"ಕಣ್ಣಿಗೆ ಕಾಣದಂಗೆ ಡಾಂಬರು ಬಳಿದೋನು ನೀನು. ಈಗ ಕಣ್ಣಿನ ಮಾತಾಡ್ತೀಯಾ?"

ಅಷ್ಟರಲ್ಲಿ ಅಂಗಳಕ್ಕೆ ಒಬ್ಬ ಬಂದು ನಿಂತ. ಹೊಳಲ್ಕೆರೆ ಕಡೆಯವನು, ಹೆಸರು ಕಿರಣ್‌ಕುಮಾರ್. ತಮ್ಮೂರ ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು ಅವನಿಗೆ ಸಿಕ್ಕಿತ್ತು. ಹೊರಗೆ ರಸ್ತೆಯಲ್ಲಿ ಅವನು ತಂದ ಲಗೇಜ್ ಆಟೋ ನಿಂತಿತ್ತು.

ಮಾರುತೇಶ್ ಗಾಬರಿಯಿಂದ ಎದ್ದ. "ಫೋನ್ ಮಾಡ್ದೆ ಹೆಂಗೆ ಬಂದ್ರಿ? ಮನೆ ಯಾರು ತೋರಿಸಿದ್ರು?"

"ಯಜಮಾನ್ರೇ ಸಿಕ್ಕಿದ್ರಲ್ಲ!" ಎಂದ ಕಿರಣ್‌ಕುಮಾರ್ ಬೆವರು ಒರೆಸಿಕೊಳ್ಳುತ್ತ. "ಫೋಟೋದಾಗಿನೋರು. ನೀರಿನ ದಂಡೆ ಮೇಲೆ ಕುಂತಿದ್ರು. ಈ ಉರಿಬಿಸಿಲಾಗೆ ಮೈಮೇಲಿನ ಬಟ್ಟೆ ಎಲ್ಲಾ ಒದ್ದೆ. ಈಗ ತಾನೆ ಮುಳುಗು ಹಾಕಿ ಎದ್ರೇನೋ ಅನ್ಕಂಡೆ. 'ಹುಣಸೆಮರದ ಪಕ್ಕದ ಮನೆ, ಹೋಗ್ರಿ' ಅಂದ್ರು. ನೀವೂ ಬರ್ರಿ ಅಂದ್ರೆ ಬರ್ಲಿಲ್ಲ. ನಾಲ್ಕು ಹೆಜ್ಜೆ ಇಟ್ಟಮೇಲೆ ಕರೆದು ಇನ್ನೊಂದು ಮಾತು ಹೇಳಿದ್ರು."

"ಏನಂದ್ರು?" ಎಂದಳು ಚಂದ್ರಕ್ಕ.

"'ತಳ ನೋಡಿ ತಗಳ್ರಿ' ಅಂದ್ರು."

ಹುಣಸೆಮರದ ಎಲೆ ಅಲುಗಲಿಲ್ಲ.

ಕಿರಣ್‌ಕುಮಾರ್ ತೆಪ್ಪದ ಸುತ್ತ ಒಂದು ಸುತ್ತು ಬಂದು ಡಾಂಬರನ್ನು ತಟ್ಟಿದ. "ನೋಡಾಕೆ ಗಟ್ಟಿ ಐತೆ. ನನಗೆ ಇದೆಲ್ಲ ಹೊಸದು ಅಕ್ಕ. ಈಜೂ ಬರಲ್ಲ. ತೆಪ್ಪ ಚೆನ್ನಾಗಿದ್ರೆ ಈಜು ಯಾಕೆ ಬೇಕು ಅಂತಾರಲ್ಲ. ನಾಳೆನೇ ಇಳಿಸ್ತೀನಿ. ನನ್ನ ಹೆಂಡ್ತಿನೂ ಕೂರ್ತೀನಿ ಅಂತಾಳೆ."

ಚಂದ್ರಕ್ಕನ ಕಣ್ಣ ಮುಂದೆ, ಕಾಣದ ಊರಿನ ಕಾಣದ ಹೆಂಗಸೊಬ್ಬಳು ದಡದಲ್ಲಿ ನಿಂತು ಕಾಯುವುದು ಕಂಡಿತು. ಆ ನಿಲ್ಲುವಿಕೆ ಎಂಥದೆಂದು ಆಕೆಗೆ ಗೊತ್ತು. ಎದ್ದು ಒಳಗೆ ಹೋಗಿ, ಬಾವಿಯಿಂದ ಸೇದಿಟ್ಟ ನೀರಿನ ಕೊಡ ಮತ್ತು ಅರಿಸಿನ ತಂದಳು.

"ಮಾರುತೇಶ, ಒಳಗೆ ಕುಂತ್ಕ."

"ನಾನ್ಯಾಕೆ ದೊಡ್ಡಮ್ಮ? ಕೊಳ್ಳೋರು ತಾನೆ ಕೂರೋದು?"

"ಹನುಮಂತಪ್ಪ ನಾನೇ ಅಂದ್ಯಲ್ಲಪ್ಪ. ಹನುಮಂತಪ್ಪ ಕೂತ ಜಾಗದಾಗೆ ಕೂರು."

ಮಾರುತೇಶ್ ತೆಪ್ಪದ ಅಂಚೆತ್ತಿ ಒಳಗೆ ನುಸುಳಿದ. ಚಂದ್ರಕ್ಕ ಅರಿಸಿನ ಹಚ್ಚಿ, ಗಂಗಮ್ಮನನ್ನು ನೆನೆದು, ನೀರು ಹೊಯ್ದಳು.

"ನೋಡ್ರಿ, ಒಂದು ಹನಿ ಇಲ್ಲ!" ಒಳಗಿನಿಂದ ಅವನ ದನಿ ಬಂತು.

ಆಕೆ ಸುರಿಯುತ್ತಲೇ ಇದ್ದಳು. ಬಿಸಿಲಿಗೆ ಮೆತ್ತಗಾಗಿದ್ದ ಡಾಂಬರು ಒಂದು ಕಡೆ ಕುಸಿಯಿತು. ಗೋಣಿಯ ತುಂಡು ಬಾಯಿ ಬಿಟ್ಟಿತು. ನೀರು ಗುಳುಗುಳು ಎಂದು ಒಳಗಿಳಿಯಿತು. ಆಮೇಲೆ ಮಾರುತೇಶ್ ಚೀರಿಕೊಂಡು, ತೆಪ್ಪವನ್ನೇ ತಳ್ಳಿಕೊಂಡು ಹೊರಬಿದ್ದ. ತಲೆಯಿಂದ ನೀರು ಇಳಿಯುತ್ತಿತ್ತು. ಕೂದಲಿಗೆ ಹಸಿರು ಎಳೆಯೊಂದು ಅಂಟಿಕೊಂಡಿತ್ತು.

"ದೊಡ್ಡಮ್ಮ, ನೀನು ಹುಯ್ದಿದ್ದು ಬಾವಿ ನೀರು ತಾನೆ?"

"ಹೌದು."

"ನನ್ನ ಮೇಲೆ ಬಿದ್ದಿದ್ದು ಅದಲ್ಲ. ಮೂಸಿ ನೋಡು." ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಉಷಾರಾಣಿ ಹತ್ತಿರ ಹೋದವಳು ಮೂಗಿಗೆ ಸೆರಗು ಹಿಡಿದಳು. ಹಿನ್ನೀರಿನ ಪಾಚಿ.

ಚಂದ್ರಕ್ಕ ಕಿರಣ್‌ಕುಮಾರನಿಗೆ ಕೈಮುಗಿದಳು. "ತಪ್ಪಾತಪ್ಪ. ತಳ ಸೀಳೈತೆ, ನಾವು ಮುಚ್ಚಿದ್ವಿ. ಈ ತೆಪ್ಪದಾಗೇ ನಮ್ಮ ಯಜಮಾನ್ರು ಹೋಗಿದ್ದು. ಶಿವರಾತ್ರಿಗೆ ಮುಂಚೆನೇ ಹೋದ್ರು."

ಕಿರಣ್‌ಕುಮಾರ್ ಪಕ್ಕದ ಕಲ್ಲಿನ ಮೇಲೆ ಕುಳಿತ. ದಂಡೆಯ ಕಡೆ ತಿರುಗಿ ನೋಡಿದ. ಉಷಾರಾಣಿ ಕೊಟ್ಟ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ.

"ನೀವು ಹೇಳದೆ ಇದ್ದಿದ್ರೆ ನಾನು ಬೈಯಾಕೂ ಉಳೀತಿರ್ಲಿಲ್ಲ ಅಕ್ಕ."

"ಬಲೆ ಐತೆ, ಹುಟ್ಟು ಐತೆ" ಎಂದಳು ಚಂದ್ರಕ್ಕ. "ಬಲೆ ಎರಡು ಕಡೆ ಹರಿದೈತೆ, ಬಿಡಿಸಿ ತೋರಿಸ್ತೀನಿ. ಹುಟ್ಟು ಗಟ್ಟಿ ಐತೆ. ಬೇಕಾದ್ರೆ ತಗಳ್ರಿ, ಬ್ಯಾಡ ಅಂದ್ರೆ ಬೇಜಾರಿಲ್ಲ."

ಅವನು ಬಲೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಹರಿದ ಕಡೆಗಳನ್ನು ಮುಟ್ಟಿ ನೋಡಿದ. ಹೇಳಿದ ಬೆಲೆಗೆ ಬಲೆ, ಹುಟ್ಟು ಎರಡನ್ನೂ ತೆಗೆದುಕೊಂಡ. ಕೊನೆಗೆ ತೆಪ್ಪದ ಬಿದಿರನ್ನು ತಟ್ಟಿದ. "ಬಿದಿರು ಚೆನ್ನಾಗೈತೆ. ಮೇಲಿನ ಟಾರ್ಪಾಲು ಕಿತ್ತು ಕೊಡ್ರಿ. ಬರೀ ಬಿದಿರಿನ ರೇಟಿಗೆ ಒಯ್ತೀನಿ. ಹೊಸ ಟಾರ್ಪಾಲು ಹಾಕಿಸಿ, ನೀರು ತೋರಿಸಿ, ಈಜು ಕಲ್ತು, ಆಮೇಲೆ ಇಳಿಸ್ತೀನಿ."

ಮಾರುತೇಶ್ ತಾನೇ ಕುಡುಗೋಲು ತಂದು ಟಾರ್ಪಾಲು ಕತ್ತರಿಸಿ ತೆಗೆದ. ಅದನ್ನು ಇನ್ಯಾರೂ ಬಳಸದಂತೆ ಚೂರುಚೂರು ಮಾಡಿದ. "ಉಷಕ್ಕ, ಆ ಜಾಹೀರಾತು ಈಗ್ಲೇ ತೆಗಿಬೇಕು. ದೊಡ್ಡಪ್ಪನ ಹೆಸರು, ಫೋಟೋ ಎಲ್ಲಾ. ಹೋಗಾಣ ಬರ್ರಿ" ಎಂದ. "ಇನ್ನು ಯಾರೂ ಅವರನ್ನ ಕರೀಬಾರ್ದು."

ಆಟೋ ಹೊರಡುವಾಗ ಕಿರಣ್‌ಕುಮಾರ್ ಹಿಂಜರಿಯುತ್ತ ಕೇಳಿದ. "ಅಕ್ಕ, ದಂಡೆ ಮೇಲೆ ಅವರು ಇನ್ನೂ ಕುಂತಿದ್ರೆ ಏನು ಹೇಳ್ಲಿ?"

ಚಂದ್ರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತಳ ನೋಡಿದೆ ಅಂತ ಹೇಳ್ರಿ. ಏಳ್ತಾರೆ."

ಆಟೋದ ಸದ್ದು ದೂರವಾಯಿತು. ಆಕೆ ತೆಪ್ಪವಿದ್ದ ಜಾಗದಲ್ಲಿ ಬಾಗಿ ಮಣ್ಣಿಗೆ ಅಂಗೈ ಇಟ್ಟಳು. ಅಷ್ಟು ನೀರು ಸುರಿದ ಮಣ್ಣು, ಎಷ್ಟೋ ಕಾಲದಿಂದ ಒಂದು ಹನಿಯನ್ನೂ ಕಾಣದ ನೆಲದಂತೆ ಒಣಗಿ ಬಿರುಕು ಬಿಟ್ಟಿತ್ತು.

ಓದುವ, ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬಲೆ ಬುಟ್ಟಿ ಗಾಳಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರುವುದು ತಪ್ಪಲ್ಲ. ದೂರದ ಕೈಗೆ ದುಡಿಯುವ ಸಾಮಾನು ಸಿಗುವುದು ಪುಣ್ಯದ ಕೆಲಸ. ಆದರೆ ಈಗಿರುವ ಸಾಮಾನಿನ ಚಿತ್ರವನ್ನೇ ಹಾಕಿ, ಹರಿದ ಕಡೆಯದನ್ನೂ ಸೇರಿಸಿ. ನಿಮ್ಮ ಹೆಸರಿನಲ್ಲೇ ಮಾರಿ. ಅದು ತೀರಿಕೊಂಡವರದಾದರೆ ಹಾಗೆಂದು ಹೇಳಿ. ಮಾರಾಟವಾದ ದಿನವೇ ಜಾಹೀರಾತು ತೆಗೆದುಬಿಡಿ. ಕೊಳ್ಳುವವರು ಹಗಲಿನಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಕಣ್ಣಾರೆ ನೋಡದೆ ಹಣ ಕೊಡಬೇಡಿ. ಬರುತ್ತೇನೆಂದು ಹೇಳಿ ಬರಲಾಗದಿದ್ದರೆ ಒಂದು ಮಾತು ತಿಳಿಸಿ, ಅಲ್ಲಿ ಯಾರೋ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಒಪ್ಪಿದ ಬೆಲೆಯನ್ನು ಅಂಗಳಕ್ಕೆ ಬಂದು ಮುರಿಯಬೇಡಿ.

ನೀವು ಮಾರುವ ತೆಪ್ಪದಲ್ಲಿ ನಾಳೆ ಒಬ್ಬ ಮನುಷ್ಯ ಕೂರುತ್ತಾನೆ. ಅವನಿಗೆ ತಳ ತೋರಿಸಬೇಕಾದವರು ನೀವು. ಆ ಕೆಲಸವನ್ನು ದಂಡೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಕುಳಿತವರಿಗೆ ಬಿಡಬೇಡಿ.